ಮೂರನೆಯ ಚರಣ

ಸಭೆಯ ಚರಿತ್ರೆ ಬರೆದುಕೊಡಿ ಅಂದಿದ್ದಾರೆ,
ಎರಡೇ ಪುಟ, ಸ್ಮರಣ ಸಂಚಿಕೆಗೆ,
ಹಿಂದೊಂದು ಮುಂದೊಂದು ಜಾಹೀರಾತು.
ನನ್ನ ಬಳಿ ಇರುವುದು ಒಂದು ಲೆಕ್ಕದ ಪುಸ್ತಕ.
ಅಂಚು ಗೆದ್ದಲು ತಿಂದದ್ದಲ್ಲ,
ಡೀಸೆಲು ಕುಡಿದದ್ದು.

ಮೊದಲ ಪುಟ: ಬುರೈಮಿ. ಎಪ್ಪತ್ತಾರು. ಶುಕ್ರವಾರ.
ಕೂಡಿದವರು ಏಳು. ಕಾಣಿಕೆ
ನಾಲ್ಕು ದಿರ್ಹಮು, ಅರ್ಧ ರಿಯಾಲು,
ಹುಮನಾಬಾದಿನ ಒಂದು ಬಸ್ ಟಿಕೇಟು.
ಯಾರದೋ ಜೇಬಿನಲ್ಲಿ ಉಳಿದು ಬಂದದ್ದು;
ಅದನ್ನೂ ಜಮಾ ಹಿಡಿದಿದ್ದಾರೆ.

ಆಗ ಗಡಿ ಅಂದರೆ
ಡಾಂಬರು ಮುಗಿದು ಮಣ್ಣು ಶುರುವಾಗುವ ಜಾಗ.
ಆಡುಗಳು ಆ ದೇಶದಲ್ಲಿ ಮೇದು
ಈ ದೇಶದಲ್ಲಿ ಮೆಲುಕು ಹಾಕುತ್ತಿದ್ದವು.
ಎಲೀಷ ನೀರಿನ ಟ್ಯಾಂಕರು ಓಡಿಸುತ್ತಿದ್ದ,
ದಿನಕ್ಕೆ ನಾಲ್ಕು ಸಲ ಅತ್ತ, ನಾಲ್ಕು ಸಲ ಇತ್ತ,
ಪಾಸ್‌ಪೋರ್ಟನ್ನು ಅರಬಾಬನ ಪೆಟ್ಟಿಗೆಯಲ್ಲೇ ಬಿಟ್ಟು.

ಕೂಡುತ್ತಿದ್ದದ್ದು ಖರ್ಜೂರದ ತೋಟದ ಪಂಪಿನ ಕೋಣೆಯಲ್ಲಿ.
ಮುದುಕ ಹಮೂದ್ ಬಾಗಿಲಿಗೆ ಬಂದು ಕೇಳಿದನಂತೆ,
ಏನು ಮಾಡುತ್ತೀರಿ ಇಲ್ಲಿ?
ದೇವದಾನಪ್ಪನಿಗೆ ಬರುತ್ತಿದ್ದ ಅರಬ್ಬಿ ಹನ್ನೆರಡು ಪದ,
ಎಲ್ಲ ಸಿಮೆಂಟಿಗೆ ಸಂಬಂಧಪಟ್ಟವು.
ಕೈಜೋಡಿಸಿ ಮೇಲೆ ನೋಡಿದ.
ಮುದುಕನೂ ಮೇಲೆ ನೋಡಿದ. ಆಮೇಲೆ ಅಂದ:
ಮಾಡಿ. ಪಂಪು ಮಾತ್ರ ನಿಲ್ಲಿಸಬೇಡಿ.

ಹೀಗೆ ನಮ್ಮ ಮೊದಲ ವಾದ್ಯ ಲಿಸ್ಟರ್ ಇಂಜಿನು.
ಧಡ್, ಧಡ್, ಒಂದು ಉಸಿರು, ಧಡ್.
ಅದು ಬಿಟ್ಟ ಸಂದಿನಲ್ಲಿ ಪ್ರಾರ್ಥನೆ,
ಅದು ಹಾಕಿದ ತಾಳಕ್ಕೆ ಕೀರ್ತನೆ.
ಎಣ್ಣೆ ತೀರಿ ನಿಂತರೆ
ಏಳೂ ದನಿ ಒಟ್ಟಿಗೆ ಎಡವುತ್ತಿದ್ದವು.

ಪಾದ್ರಿ ಇಲ್ಲ. ಮಸ್ಕತ್ತಿನಿಂದ ವರ್ಷಕ್ಕೊಬ್ಬರು,
ಜೀಪು ಕೆಟ್ಟರೆ ಅವರೂ ಇಲ್ಲ.
ಬಂದ ದಿನ ಖುಬ್ಬೂಸು ಮುರಿದು
ಸ್ಟೀಲು ಲೋಟಕ್ಕೆ ವಿಮ್ಟೊ ಸುರಿದು ಕರ್ತನ ಭೋಜನ.
ಕೆಂಪು ಕಲೆ ಹದಿನೇಳನೆಯ ಪುಟದಲ್ಲಿ ಇನ್ನೂ ಇದೆ.
ಮೆಥೊಡಿಸ್ಟ್ ಅನ್ನುವ ಪದ ಮೊದಲು ಬರುವುದೂ ಅಲ್ಲೇ,
ಒತ್ತಕ್ಷರ ತಪ್ಪಿ.

ಹಾಡಿನ ಪುಸ್ತಕ ಇರಲಿಲ್ಲ.
ನದಿ ದಾಟುವ ಹಾಡೊಂದು ಎಲ್ಲರಿಗೂ ಬರುತ್ತಿತ್ತು,
ಎರಡು ಚರಣದ ತನಕ.
ಮೂರನೆಯದು ಸಮುದ್ರದಲ್ಲೆಲ್ಲೋ ಬಿದ್ದುಹೋಗಿತ್ತು.
ಬೀದರಿಗೆ ಕಾಗದ ಹೋಯಿತು,
ಎಲೀಷನ ಚಿಗವ್ವ ದೊರ್ಕಾಬಾಯಿಗೆ.
"ಅಲ್ಲೀತನಾ ಸುಮ್ ಕೂಡ್ಲತ್ತೀರೇನು?" ಅಂದವನೇ ಎಲೀಷ
ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ತಾನೇ ಕಟ್ಟಿದ:

ಟಾಕಿ ತುಂಬ ನೀರದ ದೇವ್ರೇ, ದಾರಿ ನಿಂದದ,
ಗೇರು ಬದ್ಲಿ ಮಾಡೋ ಕೈಯಷ್ಟ ನಂದದ.

ಹನ್ನೊಂದು ವಾರಕ್ಕೆ ಉತ್ತರ ಬಂತು.
ದುಂಡಗಿನ ಅಕ್ಷರ, ಯೊರ್ದನ್, ಆಚೆ ದಡ, ಎಲ್ಲ ಸರಿಯಾಗಿತ್ತು.
ದೇವದಾನಪ್ಪ ಓದಿ ಹೇಳಿದ, ಎಲ್ಲರೂ ಆಮೆನ್ ಅಂದರು,
ಮಡಿಸಿ ಪುಸ್ತಕದಲ್ಲಿಟ್ಟು
ಎಲೀಷನದನ್ನೇ ಹಾಡಿದರು.
ಆ ಹೊತ್ತಿಗೆ ಅವನಿಗೆ ಇಬ್ರಿಗೆ ಬದಲಿಯಾಗಿತ್ತು.
ಹಾಜರಿಯಲ್ಲಿ ಅವನ ಹೆಸರನ್ನು ಯಾರೂ ಹೊಡೆಯಲಿಲ್ಲ.
ಎಲೀಷ, ಗೈರು. ಎಲೀಷ, ಗೈರು.
ಎರಡು ವರ್ಷ, ಪ್ರತಿ ಶುಕ್ರವಾರ, ಒಂದೇ ಕೈಬರಹ.
ಆಮೇಲೆ ಪುಸ್ತಕವೇ ಮುಗಿಯಿತು.

ನಾನು ಬಂದದ್ದು ತೊಂಬತ್ತೊಂದರಲ್ಲಿ. ಅವನನ್ನು ನೋಡಿಲ್ಲ.

ಈಗ ಗಡಿಗೆ ಬೇಲಿ ಇದೆ, ಬೇಲಿಗೆ ಬಾಗಿಲು, ಬಾಗಿಲಿಗೆ ಮುದ್ರೆ.
ಸೋಹಾರಿನ ಹಾಲಿನಲ್ಲಿ ಹನ್ನೊಂದು ಭಾಷೆಗಳ ಪಾಳಿ,
ನಮಗೆ ಆರರಿಂದ ಏಳೂವರೆ,
ತಮಿಳರು ಹೊರಗೆ ಚಪ್ಪಲಿ ಬಿಟ್ಟು ಕಾಯುತ್ತಿರುತ್ತಾರೆ.
ಕೀಬೋರ್ಡಿನ ಹುಡುಗನಿಗೆ ಒಂದೇ ದೂರು:
ಮೂರನೆಯ ಮಾತ್ರೆಯ ಮೇಲೆ
ನೀವೆಲ್ಲ ಯಾಕೆ ನಿಲ್ಲುತ್ತೀರಿ ಅಂಕಲ್?

ಹೋದ ವಾರ ಮಂಗಳೂರಿನ ಟೀಚರು ಕರಡು ತಿದ್ದುತ್ತ
ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು:
ನಂದದ ಕೈ. ಅಂದರೆ ಆರದ ಕೈ, ಅಲ್ಲವಾ?
ದೀಪದ ಹಾಗೆ?

ನಂದು ಅದ, ನನ್ನದು ಇದೆ, ಅಷ್ಟೇ ಟೀಚರ್,
ಅನ್ನಬೇಕೆಂದು ಬಾಯಿ ತೆರೆದೆ.
ಹೊರಗೆ ಯಾವುದೋ ಟ್ಯಾಂಕರು
ಗೇರು ಬದಲಿಸಿತು.
ಹೌದು ಅಂದೆ.